ಮಡ್ಡಿಯ ಮನೆತನಗಳು

ನನಗೆ ಹೇಸಿಗೆ ಬೇಗ ಬರುತ್ತದೆ. ಬಸ್ಸಿನಲ್ಲಿ ಮುಂದೆ ಕೂತವರು ಗುಟ್ಕಾ ತಿಂದು ಕಿಟಕಿಯಾಚೆ ಉಗುಳಿದರೆ ಆಮೇಲೆ ಅವರ ಮುಖ ನೋಡಲು ನನ್ನಿಂದಾಗುವುದಿಲ್ಲ. ಮದುವೆ ಮನೆಯಲ್ಲಿ ಕೈ ತೊಳೆಯುವಲ್ಲಿ ಅನ್ನದ ಅಗುಳು ತೇಲುವುದನ್ನು ಕಂಡರೆ ಉಂಡದ್ದೆಲ್ಲ ಗಂಟಲಿಗೆ ಬರುತ್ತದೆ. “ನಿನ್ನ ಮೂಗ ನಿನಗ ವೈರಿ ಐತಿ ನೋಡವಾ” ಎಂದು ಅವ್ವ ಅನ್ನುತ್ತಿದ್ದಳು. ಈ ಮೂಗನ್ನು ಹೊತ್ತುಕೊಂಡೇ ಚಿಕ್ಕೋಡಿಯ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಸಸ್ಯಶಾಸ್ತ್ರ ಕಲಿಸಿದ್ದೇನೆ. ಗಿಡಗಳ ವಿಷಯದಲ್ಲಿ ಅದು ಎಂದೂ ತೊಂದರೆ ಕೊಟ್ಟಿಲ್ಲ. ತೊಂದರೆ ಕೊಟ್ಟದ್ದೆಲ್ಲ ಮನುಷ್ಯರ ವಿಷಯದಲ್ಲೇ.

ನನ್ನ ತವರು ಅಥಣಿಯ ಮೂಡಣ ದಿಕ್ಕಿಗೆ. ಸತ್ತಿ ಎಂಬ ಊರಿನ ಕಡೆ ಕೃಷ್ಣೆಯ ದಂಡೆಗೆ ಹೋದರೆ ಕಬ್ಬು ಆಳೆತ್ತರ ನಿಂತಿರುತ್ತದೆ. ನಮ್ಮೂರ ಮೇಲಿನ ಮಡ್ಡಿಗೆ ಬಂದರೆ ಕಲ್ಲು ಮಾತ್ರ. ಮಡ್ಡಿಯೆಂದರೆ ಮಣ್ಣು ತೆಳುವಾಗಿ, ನೀರು ನಿಲ್ಲದೆ, ನೇಗಿಲು ಒಲ್ಲೆನೆಂದು ಬಿಟ್ಟ ಏರು ನೆಲ. ನಮ್ಮಲ್ಲಿ ದಡ್ಡನನ್ನು ಮಡ್ಡ ಅನ್ನುತ್ತಾರೆ. ಈ ನೆಲಕ್ಕೂ ಊರವರು ಅಷ್ಟೇ ಮರ್ಯಾದೆ ಕೊಡುತ್ತಾರೆ. ಒಮ್ಮೆ ಕಾಲೇಜಿನವರೊಡನೆ ರಾಜಸ್ಥಾನದ ಮರುಭೂಮಿ ನೋಡಲು ಹೋಗಿದ್ದೆ. ಉಳಿದವರೆಲ್ಲ ಒಂಟೆಯೇರಿ ಫೋಟೊ ತೆಗೆಸಿಕೊಳ್ಳುವಾಗ ನಾನು ಮರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಅಲ್ಲಿಯೂ ಎಕ್ಕೆ, ಅಲ್ಲಿಯೂ ನೆಗ್ಗಿನಮುಳ್ಳು. ನಮ್ಮ ಮಡ್ಡಿಯ ಬಳಗವೇ ಅಲ್ಲಿ ಸಂಸಾರ ಹೂಡಿತ್ತು. ಮರಳು ಮಾತ್ರ ಸ್ವಚ್ಛವಾಗಿತ್ತು. ಊರಿಗೆ ಬಂದ ಮೇಲೆ ನನಗೆ ಬಹಳ ದಿನ ಕಾಡಿದ್ದು ಇದೊಂದೇ.

ಕಾಡುಹೂವಿನ ಹೆಸರು ಗೊತ್ತಿಲ್ಲದಿದ್ದರೂ ಅದರ ಕುಟುಂಬ ಯಾವುದೆಂದು ಹೇಳಬಹುದು. ಕಾಂಡ ಹಿಡಿದರೆ ಚೌಕವಾಗಿ, ಎಲೆಗಳು ಎದುರುಬದುರಾಗಿ, ಹೂವು ತುಟಿ ಚಾಚಿದಂತೆ ಇದ್ದರೆ ತುಂಬೆಯಾಗಲಿ, ಕಾಮಕಸ್ತೂರಿಯಾಗಲಿ, ಅದು ತುಳಸಿಯ ಕುಟುಂಬ. ಎಸಳುಗಳು ಒಂದಕ್ಕೊಂದು ಕೂಡಿ ಆಲಿಕೆಯ ಹಾಗೆ ಬಾಯಿ ತೆರೆದಿದ್ದರೆ, ವಿಷ್ಣುಕ್ರಾಂತಿಯಷ್ಟು ಸಣ್ಣದಾದರೂ, ಗೆಣಸಿನ ಕುಟುಂಬ. ಮದಗುಣಕಿ, ಅಂದರೆ ದತ್ತೂರಿ, ಬದನೆಯ ನೆಂಟ. ಆವರಿಕೆ ಹೂ ಬಿಟ್ಟಾಗ ಬಂಗಾರ, ಕಾಯಿ ಬಿಟ್ಟಾಗ ಅವರೆ. ಕಾಯಿ ನೋಡಿದ ಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ನನ್ನ ವಿದ್ಯಾರ್ಥಿಗಳು ಈಗ ಮೊಬೈಲು ಹಿಡಿದು ಹೂವಿನ ಫೋಟೊ ಹೊಡೆಯುತ್ತಾರೆ, ಮೊಬೈಲು ಯಾವುದೋ ದೇಶದ ಹೂವಿನ ಹೆಸರು ಹೇಳುತ್ತದೆ, ಇವರು ಬರೆದುಕೊಳ್ಳುತ್ತಾರೆ. ಅದನ್ನು ಕಂಡಾಗಲೂ ನನಗೆ ಹೇಸಿಗೆಯೇ. ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡದೆ ಯಾವ ಕುಟುಂಬವೂ ಗೊತ್ತಾಗುವುದಿಲ್ಲ.

ಅವ್ವ ನಿಪ್ಪಾಣಿಯ ಆಚೆಯ ತಂಬಾಕಿನ ಸೀಮೆಯವಳು. ಮದುವೆಯಾಗಿ ಬರುವಾಗ ಅವಳ ಬಾಯಲ್ಲಿ ಇದ್ದದ್ದು ಮರಾಠಿ. ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಅತ್ತೆಯಿಂದ ಬೈಸಿಕೊಂಡು ಕಲಿತಳಂತೆ. ನಾನು ಮೊದಲ ಸಲ ಗಿಡಗಳ ಕುಟುಂಬ ಎಂಬ ಮಾತು ಹೇಳಿದಾಗ ಜೋಳದ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಗಿಡಕ್ಕೂ ಮನೆತನ ಇರ್ತಾವೇನ?”

“ಇರ್ತಾವ ಬೇ. ಹೂ ನೋಡಿ ಹೇಳೋದು.”

“ಅದೇನ್ ದೊಡ್ಡ ಮಾತು? ಮೂಗ ನೋಡಿ ಯಾರ ಮನಿ ಕೂಸು ಅಂತ ನಾವು ಹೇಳೂದಿಲ್ಲೇನು?”

ಅಂದಿನಿಂದ ನಮ್ಮಿಬ್ಬರಿಗೆ ಅದೊಂದು ಆಟವಾಯಿತು. ರಜೆಗೆ ಬಂದಾಗ ಮಡ್ಡಿ ಹತ್ತುತ್ತಿದ್ದೆವು. ಅವಳು ಒಂದು ಹೂ ಕಿತ್ತು ಕೈಗೆ ಕೊಡುವುದು, ನಾನು ಮನೆತನ ಹೇಳುವುದು. ಹೆಚ್ಚು ಹೊತ್ತು ಯೋಚಿಸಿದರೆ, “ಸಂಬಳ ಸುಮ್ಮ ಕೊಡ್ತಾರೇನು ನಿನಗ?” ಎಂದು ಕಿಚಾಯಿಸುತ್ತಿದ್ದಳು.

ಜಗಳ ಬಂದದ್ದು ಒಂದೇ ಗಿಡಕ್ಕೆ. ಮರಾಠಿಯಲ್ಲಿ ಅದನ್ನು ಮಾಕಡಶಿಂಗಿ ಅನ್ನುತ್ತಾರೆ, ಕೋತಿಯ ಕೋಡು. ಎಲೆಯೇ ಇಲ್ಲದ, ಬೆರಳು ದಪ್ಪದ ಹಸಿರು ಕಡ್ಡಿಗಳು. ಕಲ್ಲಿನ ಸಂದಿಯಿಂದ ಗುಂಪಾಗಿ ಏಳುತ್ತವೆ. ಅವ್ವ ಅದನ್ನು ಮುರಿದು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ಇದು ಎಕ್ಕೆಯ ಕುಟುಂಬ ಎಂದೆ. ಅವಳು ಒಪ್ಪಲಿಲ್ಲ.

“ಎಕ್ಕಿ ಮನೆತನ ಆದ್ರ ಹಾಲೆಲ್ಲಿ?” ಎಂದು ಒಂದು ಕಡ್ಡಿ ಮುರಿದು ನನ್ನ ಮೂಗಿಗೆ ಹಿಡಿದಳು. ಹಾಲಿರಲಿಲ್ಲ, ನೀರಿನಂಥ ರಸ. “ಮತ್ತ ಕಾಂಡ ಹಿಡದು ನೋಡು. ಚೌಕ ಐತಿಲ್ಲ? ಚೌಕ ಇದ್ರ ತುಳಸಿ ಮನೆತನ ಅಂತ ನೀನಽ ಹೇಳಿದಾಕಿ.”

ನನ್ನದೇ ಪಾಠ ನನಗೇ ತಿರುಗಿತ್ತು. ಕಾಂಡ ನೋಡಿ ಮೋಸ ಹೋಗಬಾರದು, ಹೂ ನೋಡಬೇಕು ಎಂದೆ. ಪುಸ್ತಕದಲ್ಲಿ ನಾನು ಓದಿದ್ದೆ: ನಮ್ಮ ಕಡೆಯ ಈ ಗಿಡದ ಹೂವು ಕಪ್ಪುಗೆಂಪು, ಕೊಳೆತ ಮಾಂಸದ ವಾಸನೆ, ನೊಣಗಳನ್ನು ಕರೆಯುವುದಕ್ಕೆ. ಅವ್ವ ಬಿದ್ದು ಬಿದ್ದು ನಕ್ಕಳು. “ಹೂ ನಾರತಾವೇನ? ಹೂ ಬಿಡಲಿ, ಮೂಸಿ ನೋಡೂಣು. ಘಮ ಅಂದ್ರ ತುಳಸಿ, ನಾತ ಅಂದ್ರ ನಿನ್ನ ಎಕ್ಕಿ. ಅಲ್ಲೀತನಾ ನಾ ಸೋತಿಲ್ಲ.” ಆದರೆ ಆ ಗಿಡ ನಮ್ಮ ಮಡ್ಡಿಯಲ್ಲಿ ಹೂವಿನ ತನಕ ಉಳಿಯುತ್ತಲೇ ಇರಲಿಲ್ಲ. ತಿನ್ನುವವರು ತಿನ್ನುತ್ತಿದ್ದರು, ಆಡು ಮೇಯುತ್ತಿದ್ದವು. ಜಗಳ ಹಾಗೇ ಉಳಿಯಿತು, ಅವ್ವ ಹೋದಳು.

ನಮ್ಮಲ್ಲಿ ಹೂಳುವ ಪದ್ಧತಿ. ತಮ್ಮನಿಗೆ ಕೆಳಗೆ ನೀರಾವರಿಯ ದ್ರಾಕ್ಷಿ ತೋಟವಿದೆ. ಅಲ್ಲಿಯೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವ್ವ ಮೊದಲೇ ಹೇಳಿಟ್ಟಿದ್ದಳು: “ತ್ವಾಟದಾಗ ಬ್ಯಾಡ. ಬಳ್ಳಿಗೆ ಹೊಡಿಯು ಔಷಧ ನನ್ನ ಮ್ಯಾಲೂ ಹೊಡಿತೀರಿ. ಮಡ್ಡ್ಯಾಗ ಇಡ್ರಿ, ಒಣಗಿದಲ್ಲಿ ಬೆಚ್ಚಗಿರ್ತೀನಿ.” ಹಾಗೆ ಅವಳು ಮಡ್ಡಿಯ ಅಂಚಿಗೆ, ನಮ್ಮ ಪಾಲಿನ ಕಲ್ಲುನೆಲದಲ್ಲಿ ಮಲಗಿದಳು. ಗೋರಿ ಗೀರಿ ಏನೂ ಕಟ್ಟಲಿಲ್ಲ, ಕಲ್ಲು ಪೇರಿಸಿದೆವು. ಆ ಕಲ್ಲುಗಳ ನಡುವೆ ನಾನೊಂದು ಮಾಕಡಶಿಂಗಿಯ ತುಂಡು ಊರಿ, ಆಡು ಬಾರದಂತೆ ಸುತ್ತ ಜಾಲಿಯ ಮುಳ್ಳು ಇಟ್ಟು ಬಂದೆ. ಈ ಸಲ ಹಿಂಗಾರಿ ಮಳೆ ಚೆನ್ನಾಗಿ ಆಯಿತು. ದೀಪಾವಳಿಗೆ ತವರಿಗೆ ಹೋದಾಗ ನೋಡಿದರೆ ಕಡ್ಡಿಗಳ ತುದಿಯಲ್ಲಿ ಸಾಸಿವೆಯಂಥ ಮೊಗ್ಗಿನ ಗುಂಪು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಒಬ್ಬಳೇ ನಕ್ಕೆ. ನಮ್ಮ ಜಗಳಕ್ಕೆ ತೀರ್ಪು ಬರುವುದಿತ್ತು, ಅದೂ ಅವಳ ಎದೆಯ ಮೇಲೆಯೇ. ಆ ಹೂವು ಅರಳುವುದನ್ನು ನೋಡಲೇಬೇಕೆಂದು ಹಟ ಹಿಡಿದಂತಾಯಿತು.

ಆದರೆ ಮಡ್ಡಿ ಮೊದಲಿನ ಮಡ್ಡಿಯಾಗಿ ಉಳಿದಿರಲಿಲ್ಲ. “ಮಡ್ಡಿಗೆ ಹಾಕಿ ಬಾ” ಎನ್ನುವುದು ನಮ್ಮೂರಿನ ಹಳೆಯ ಮಾತು. ಅವ್ವನೂ ಹೇಳುತ್ತಿದ್ದಳು. ಅವಳ ಕಾಲದಲ್ಲಿ ಮಡ್ಡಿಗೆ ಹೋಗುತ್ತಿದ್ದದ್ದು ಒಡೆದ ಗಡಿಗೆ, ಒಲೆಯ ಬೂದಿ. ಈಗ ಹೋಗುವುದು ಕೋಳಿ ಅಂಗಡಿಯ ಪುಕ್ಕ ಮತ್ತು ಕರುಳು, ಕೂಸುಗಳ ಡೈಪರು, ದ್ರಾಕ್ಷಿಗೆ ಹೊಡೆದ ಔಷಧಿಯ ಡಬ್ಬಿ, ದಾರೂ ಬಾಟಲಿ. ಒಮ್ಮೆ ತುಂಬೆಯ ಮುಂದೆ ಬಗ್ಗಿ ಹೂವಿನ ತುಟಿ ನೋಡುತ್ತಿದ್ದೆ. ಕೈಗೆ ಏನೋ ಮೆತ್ತಗೆ ಹತ್ತಿತು. ಏನೆಂದು ಇಲ್ಲಿ ಬರೆಯಲಾರೆ. ಮನೆಗೆ ಬಂದು ಬೂದಿ ಹಾಕಿ ತಿಕ್ಕಿ ತೊಳೆದರೂ ಆ ದಿನ ಆ ಕೈಯಿಂದ ಉಣ್ಣಲಾಗಲಿಲ್ಲ. ನಾಯಿಗಳು ಚೀಲ ಹರಿದು ಎಳೆದಾಡುತ್ತವೆ, ಗಾಳಿ ಬಂದಾಗ ಕ್ಯಾರಿಬ್ಯಾಗುಗಳು ಆವರಿಕೆಗೆ ಸಿಕ್ಕಿ ದೂರದಿಂದ ಹೂವಿನ ಹಾಗೆಯೇ ಕಾಣುತ್ತವೆ. ಥೂ ಎನ್ನದೆ ಬೇರೆ ದಾರಿಯಿಲ್ಲ.

ಒಂದು ಬೋರ್ಡಾದರೂ ಇರಲಿ ಎಂದು ಪಂಚಾಯಿತಿ ಮೆಂಬರನ ಬೆನ್ನು ಹತ್ತಿದೆ. ಇಲ್ಲಿ ಕಸ ಹಾಕಬಾರದು ಎಂದು ಬರೆಸಿ, ಗಡಿಯ ಆಚೆಯವರೂ ಬರುತ್ತಾರೆ, ಮರಾಠಿಯಲ್ಲೂ ಇರಲಿ ಎಂದೆ. “ಎರಡೂ ಭಾಷಾದಾಗ ಹಾಕಸ್ತೀನಿ ಬಿಡ್ರಿ ಮೇಡಂ” ಎಂದ. ಕಾಗವಾಡದ ಕಡೆಯ ಪೇಂಟರನಿಗೆ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದನಂತೆ: ಯೇಥೆ ಘಾಣ ಟಾಕೂ ನಯೇ. ಮರಾಠಿಯಲ್ಲಿ ಘಾಣ ಎಂದರೆ ಹೊಲಸು. ಪೇಂಟರ ಮೇಲಿನ ಸಾಲನ್ನು ಮರಾಠಿಯಲ್ಲಿ ಸರಿಯಾಗಿಯೇ ಬರೆದ. ಕೆಳಗಿನ ಸಾಲಿಗೆ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಎಲ್ಲ ಶಬ್ದ ತಿರುಗಿಸಿ, ಆ ಒಂದನ್ನು ಮಾತ್ರ ಕನ್ನಡದ್ದೇ ಎಂದು ತಿಳಿದು, ಮಹಾಪ್ರಾಣವನ್ನಷ್ಟೇ ಕಳೆದು ಹಾಗೇ ಬಿಟ್ಟ. ಕೆಂಪು ಬಣ್ಣದಲ್ಲಿ ದಪ್ಪ ಅಕ್ಷರದಲ್ಲಿ ಬೋರ್ಡು ಬಂದು ನಿಂತಿತು: “ಇಲ್ಲಿ ಗಾಣ ಹಾಕಬಾರದು.”

ಕಬ್ಬು ಅರೆದು ಬೆಲ್ಲ ಮಾಡುವ ಗಾಣವನ್ನು ನೀರಿಲ್ಲದ ಆ ಮಡ್ಡಿಯಲ್ಲಿ ಹಾಕುವ ಹುಚ್ಚ ಯಾವನೂ ಹುಟ್ಟಿರಲಿಲ್ಲ. ಊರೆಲ್ಲ ನಕ್ಕಿತು. ಬೋರ್ಡಿನ ಬುಡಕ್ಕೇ ಕೋಳಿಪುಕ್ಕದ ಚೀಲ ಬೀಳತೊಡಗಿದವು. ಯಾರನ್ನಾದರೂ ಕೇಳಿದರೆ, “ನಾವೇನ್ ಗಾಣ ಹಾಕೀವೇನ್ರಿ ಮೇಡಂ?” ಎಂಬ ಉತ್ತರ. ಬದಲಿಸಿ ಎಂದು ಮೆಂಬರನಿಗೆ ಹೇಳಿ ಹೇಳಿ ನನ್ನ ಬಾಯಿ ನೊಂದಿತು. “ಮರಾಠಿ ಸಾಲು ಬರೋಬ್ಬರಿ ಐತಿಲ್ರಿ” ಎನ್ನುವುದು ಅವನ ಸಮಾಧಾನ.

ತುಳಸಿ ಲಗ್ನ ಮುಗಿದದ್ದೇ ತಮ್ಮನ ಮಗಳ ಮದುವೆ. ಮದುವೆಯ ಊಟದಲ್ಲಿ ಪ್ಲಾಸ್ಟಿಕ್ಕಿನ ಲೇಪದ ತಾಟು ಇಡಬಾರದೆಂದು ನಾನು ಹಟ ಮಾಡಿದೆ. ಸೋದರತ್ತೆಯ ಮಾತು ತೆಗೆದುಹಾಕಲಾಗದೆ ಎಲ್ಲರೂ ಹೂಂ ಅಂದರು. ಖಾನಾಪುರದ ಕಾಡಿನ ಕಡೆಯಿಂದ, ಕಡ್ಡಿ ಚುಚ್ಚಿ ಹೊಲಿದ ಮುತ್ತಲ ಎಲೆಯ ಪತ್ರಾವಳಿ ನಾನೇ ತರಿಸಿದೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ ಆ ಎಲೆಯ ಮೇಲೆ ಬಿದ್ದಾಗ ಹಳೆಯ ಮಂದಿಗೆಲ್ಲ ಸಂತೋಷವಾಯಿತು. ಈ ಸೀಮೆಯಲ್ಲಿ ಎಲ್ಲೂ ಇಂಥ ಪತ್ರಾವಳಿ ಈಗ ಕಾಣುವುದಿಲ್ಲ ಎಂದು ರಾಯಬಾಗದ ಬೀಗರು ಹೊಗಳಿದರು. ನಾನು ಸ್ವಲ್ಪ ಉಬ್ಬಿದೆ ಎನ್ನುವುದೂ ನಿಜ. ಮದುವೆ ಮುಗಿದ ಮೇಲೆ ಚಿಕ್ಕೋಡಿಗೆ ಹೋಗಿ, ಮುಂದಿನ ವಾರ ಮಾಂಡವ, ಅಂದರೆ ಚಪ್ಪರದ ಪೂಜೆ ಮುಗಿಸಿದ ನೆಂಟರು ಇನ್ನೂ ಇರುವಾಗಲೇ ಮರಳಿ ಬಂದೆ. ನೆಂಟರಿಗಾಗಿ ಬರಲಿಲ್ಲ. ಮೊಗ್ಗು ಅರಳಿರಬಹುದೆಂದು ಬಂದೆ.

ಚೀಲ ಮನೆಯಲ್ಲಿ ಇಟ್ಟವಳೇ ಮಡ್ಡಿ ಹತ್ತಿದೆ. ಅರ್ಧ ದಾರಿಗೇ ನಾತ ಬಂತು. ಹುಳಿತ ಹುಗ್ಗಿಯ ನಾತ, ಅದರೊಳಗೆ ಕೊಳೆತ ಬದನೆಕಾಯಿಯ ನಾತ. ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಲೇರಿದರೆ ಅವ್ವನ ಕಲ್ಲು ಕಾಣಲಿಲ್ಲ. ಕಲ್ಲಿದ್ದಲ್ಲಿ ಒಂದು ಟ್ರಾಲಿಯಷ್ಟು ಹೊಲಸು ಸುರಿದಿತ್ತು. ಬಿರಿದ ಚೀಲಗಳು, ಸಣ್ಣ ನೀರಿನ ಬಾಟಲಿಗಳು, ಥರ್ಮಾಕೋಲಿನ ಕಮಾನಿನ ಚೂರು, ಎಲ್ಲದರ ಮೇಲೆ ಬಿಳಿ ಹುಳ ಹರಿದಾಡುವ ಅನ್ನ. ಜಾಲಿಯ ಮುಳ್ಳುಬೇಲಿ ಅದರಡಿ ಸಿಕ್ಕು ಚಪ್ಪಟೆಯಾಗಿತ್ತು. ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡೆ. ಆಮೇಲೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಯಾವ ಹಲಕಟ್ಟು ಮನೆತನದವರು ಇದನ್ನು ಮಾಡಿದರೆಂದು ಗೊತ್ತು ಮಾಡಿಕೊಳ್ಳದೆ ಇಳಿಯಬಾರದೆಂದುಕೊಂಡೆ.

ಗಿಡದ ಕುಟುಂಬ ನೋಡಿದ ಹಾಗೆಯೇ ನೋಡಿದೆ. ಚೀಲ ಎಲ್ಲ ಕಡೆ ಸಿಗುವ ಗೊಬ್ಬರದ ಚೀಲ. ಅದರಿಂದ ಏನೂ ತಿಳಿಯದು. ಬಾಟಲಿಯೂ ಹಾಗೆ. ಕೋಲಿನಿಂದ ಕೆದಕಿದಾಗ ಒಂದು ಊಟದೆಲೆ ಮಗುಚಿತು. ಎರಡು ಬೆರಳಲ್ಲಿ ಎತ್ತಿದೆ. ದಪ್ಪ ಎಲೆ, ಬಲೆಯಂಥ ನರ, ಬೆನ್ನಿಗೆ ರೇಷ್ಮೆಯಂಥ ರೋಮ. ಕೆಲವು ಎಲೆ ದುಂಡಗೆ, ಕೆಲವು ಒಂದು ಮಗ್ಗುಲಿಗೆ ಸೊಟ್ಟ, ಮೂರೆಲೆಯ ಗೊಂಚಲಿನಲ್ಲಿ ನಡುವಿನದು ಮತ್ತು ಪಕ್ಕದವು ಇರುವ ಹಾಗೆ. ಮುತ್ತಲ. ಅವರೆಯ ಕುಟುಂಬ. ಕಡ್ಡಿ ಚುಚ್ಚಿ ಹೊಲಿದದ್ದು. ಈ ಸೀಮೆಯಲ್ಲಿ ಈಗ ಎಲ್ಲೂ ಕಾಣದ ಪತ್ರಾವಳಿ.

ನನ್ನ ಮನೆತನ ನನ್ನ ಕೈಯಲ್ಲಿತ್ತು, ಅದರಿಂದ ಹುಗ್ಗಿ ತೊಟ್ಟಿಕ್ಕುತ್ತಿತ್ತು.

ಆ ಎಲೆಯನ್ನು ಹಿಡಿದುಕೊಂಡೇ ಇಳಿದೆ. ತಮ್ಮ ಕಟ್ಟೆಯ ಮೇಲೆ ನೆಂಟರೊಡನೆ ಚಹಾ ಕುಡಿಯುತ್ತಿದ್ದ. ಅವನ ಹೆಂಡತಿ, “ಅಕ್ಕಾರ, ಚಾ ತಗೊಳ್ರಿ” ಎಂದು ಕಪ್ಪು ಮುಂದೆ ಹಿಡಿದವಳು ನನ್ನ ಕೈ ನೋಡಿ ಹಿಂದೆ ಸರಿದಳು. ಎಲೆಯನ್ನು ತಮ್ಮನ ಮುಂದೆ ಇಟ್ಟೆ.

“ಮಡ್ಡ್ಯಾಗ ಹೊಲಸ ಯಾರ್ ಹಾಕ್ಯಾರ?”

ನಾನು ಅವನ ಹೆಸರು ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನೇ ನಗತೊಡಗಿದ. “ಅಕ್ಕಾ, ಬೋರ್ಡ್ ಹಚ್ಚಿಸಿದಾಕಿ ನೀನು. ಗಾಣ ಹಾಕಬಾರ್ದು ಅಂತ ಐತಿ. ನಾವೇನ್ ಗಾಣ ಹಾಕೀವೇನು?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬೀಗರ ಕಡೆಯ ಒಬ್ಬರು ಚಹಾ ನೆತ್ತಿಗೇರುವಷ್ಟು ನಕ್ಕರು. ಅವರ ಹಲ್ಲು, ಅವರ ಬಾಯಿ, ಬಾಯೊಳಗಿನ ಚುರಮರಿ, ಎಲ್ಲ ನನಗೆ ಕಂಡಿತು. ಅಷ್ಟು ಅಸಹ್ಯ ನನಗೆ ಮಡ್ಡಿಯ ಮೇಲೂ ಆಗಿರಲಿಲ್ಲ.

“ಎಲ್ಲಿ ಸುರವ್ಯಾರ ಹೋಗಿ ನೋಡೀಯೇನು?” ಎಂದು ಕೇಳಿದೆ.

“ನಾ ಯಾಕ ನೋಡ್ಲಿ? ಟ್ರ್ಯಾಕ್ಟರ್ ಡ್ರೈವರಗ ಮಡ್ಡಿಗೆ ಹಾಕಿ ಬಾ ಅಂದೆ. ಹಾಕಿ ಬಂದಾನ.”

“ಅವ್ವನ ಮ್ಯಾಲ ಹಾಕಿ ಬಂದಾನ.”

ತಮ್ಮ ಕಪ್ಪನ್ನು ಕೆಳಗಿಡಲು ಹೋಗಿ ಎಲೆಯ ಮೇಲೆಯೇ ಇಟ್ಟ. ಎದ್ದು ಹೋಗಿ, ತಾನೇ ಟ್ರ್ಯಾಕ್ಟರ್ ಚಾಲೂ ಮಾಡಿದ. ನಾನೂ ಟ್ರಾಲಿ ಹತ್ತಿದೆ. ನೆಂಟರಲ್ಲಿ ಒಬ್ಬರೂ ಏಳಲಿಲ್ಲ.

ಅವನು ಸಲಿಕೆಯಿಂದ ತುಂಬಿದ, ನಾನು ಬುಟ್ಟಿಯಿಂದ. ತಮ್ಮನಿಗೆ ನನ್ನ ಮೂಗಿಲ್ಲ. ಮೂಗು ಮುಚ್ಚಲಿಲ್ಲ, ಮುಖ ಕಿವಿಚಲಿಲ್ಲ. ಹರಿದ ಚೀಲವನ್ನು ಎದೆಗವಚಿಕೊಂಡು ಹೊತ್ತ, ಅಂಗಿಯ ಮೇಲೆ ರಸ ಇಳಿದರೂ ಒರೆಸಿಕೊಳ್ಳಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. ನಡುನಡುವೆ, “ಗೊತ್ತಿರಲಿಲ್ಲಕ್ಕಾ” ಎನ್ನುತ್ತಿದ್ದ. ನಾನು ಬುಟ್ಟಿ ತುಂಬುತ್ತಲೇ ಇದ್ದೆ. ಅವ್ವನ ಮೇಲೆ ಆಗಿದ್ದಕ್ಕೆ ಅವನಿಗೆ ದುಃಖ. ನಾಲ್ಕು ಮಾರು ಆಚೆ ಬಿದ್ದಿದ್ದರೆ ಅವನು ಇನ್ನೂ ಕಟ್ಟೆಯ ಮೇಲೆ ನಗುತ್ತ ಕೂತಿರುತ್ತಿದ್ದ. ಅದು ತಿಳಿದಿದ್ದರಿಂದ ನನ್ನ ಸಿಟ್ಟು ಇಳಿಯಲಿಲ್ಲ.

ಕಲ್ಲುಗಳು ಒಂದೊಂದಾಗಿ ಕಂಡವು. ಮಾಕಡಶಿಂಗಿಯ ಕಡ್ಡಿಗಳು ಹುಗ್ಗಿಯ ಕೆಳಗೆ ಬೆಂದು ಲೋಳೆಯಾಗಿದ್ದವು. ನಾನು ಒಂದೊಂದನ್ನೇ ಮುಟ್ಟಿ ನೋಡಿದೆ, ಕೈಗೆ ಬಂದವು. ಇನ್ನು ಇಲ್ಲ ಎಂದುಕೊಂಡು ಕೊನೆಯ ಚಪ್ಪಡಿಕಲ್ಲನ್ನು ಸರಿಸಿದರೆ, ಅದರ ಮರೆಯಲ್ಲಿ ಅಡ್ಡ ಬೆಳೆದ ಒಂದು ಕಡ್ಡಿ ಉಳಿದಿತ್ತು. ತುದಿಯಲ್ಲಿ ಚೆಂಡಿನ ಹಾಗೆ ಕೂಡಿಕೊಂಡ ಹೂಗಳು. ಕಪ್ಪುಗೆಂಪು, ಐದೈದು ಮೂಲೆ, ನಡುವೆ ಎಕ್ಕೆಯ ಹೂವಿನಲ್ಲಿರುವಂಥದೇ ಸಣ್ಣ ಕಿರೀಟ. ಟ್ರಾಲಿಯ ಕಡೆ ಹೋಗದೆ ಎರಡು ನೊಣಗಳು ಅದರ ಮೇಲೆ ಕೂತಿದ್ದವು. ನಾನು ಮೊಣಕಾಲೂರಿ ಮೂಸಿದೆ. ಜೀವನದಲ್ಲಿ ಮೊದಲ ಸಲ ಒಂದು ನಾತಕ್ಕೆ ನನ್ನ ಮೂಗು ಹಿಂದೆ ಸರಿಯಲಿಲ್ಲ. “ಎಕ್ಕಿ ಬೇ” ಎಂದೆ. ನಾನು ಗೆದ್ದಿದ್ದೆ. ಒಪ್ಪಲೊಲ್ಲೆ ಎಂದು ಜಗಳ ತೆಗೆಯುವವಳು ಮಾತ್ರ ಇರಲಿಲ್ಲ, ಆಗ ಅಳು ಬಂತು.

“ಏನಕ್ಕಾ ಅದು?” ಎಂದು ತಮ್ಮ ಬಂದು ಬಗ್ಗಿದ. ಮುಖ ಹತ್ತಿರ ತಂದವನೇ ಎರಡು ಕೈಯಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಜಿಗಿದ.

“ಥೂ ಥೂ! ಏನ್ ನಾತ ಹೊಡಿತೈತಿ! ಅವ್ವನ ಮ್ಯಾಲ ಇಂಥಾ ಹೊಲಸ ಗಿಡ ಯಾಕ? ಕಿತ್ತ ಒಗಿ ಅದನ್ನ.”

ಅವನ ಅಂಗಿಯಿಂದ ಹುಳ ಇಳಿಯುತ್ತಿತ್ತು. ನಾನು ಹೂವಿನ ಮೇಲೆ ಕೈ ಅಡ್ಡ ಹಿಡಿದೆ.

“ಇದು ಎಕ್ಕಿ ಮನೆತನದ್ದು, ಮುಟ್ಟಬ್ಯಾಡ” ಎಂದೆ. “ನಮ್ಮ ಮನೆತನದ್ದು ಟ್ರಾಲ್ಯಾಗ ಐತಿ. ಮನಿಗೆ ತಗೊಂಡ ನಡಿ.”